ಗಲ್ಲಾಪೆಟ್ಟಿಗೆಯ ಹಣ ಯಾರದು? – ಸಣ್ಣ ವ್ಯಾಪಾರಿ, ತೆರಿಗೆ ಮತ್ತು ಉದ್ಯೋಗ

ವ್ಯಾಪಾರವು ಗೌರವದ ಕಸುಬು. ಪ್ರವಾದಿವರ್ಯರು(ಸ) ಪ್ರವಾದಿತ್ವಕ್ಕೆ ಮುಂಚೆ ವ್ಯಾಪಾರ ಮಾಡಿದ್ದರು. ಅವರ ಅನುಚರರಲ್ಲಿ ಅನೇಕರು ವ್ಯಾಪಾರಿಗಳಾಗಿದ್ದರು. ಇಮಾಮ್ ಅಬೂ ಹನೀಫಾ(ರ) ಕೂಫಾ ನಗರದ ಬಟ್ಟೆ ವ್ಯಾಪಾರಿ. ಇಂದಿಗೂ ನಮ್ಮ ಅನೇಕ ಮನೆಗಳ ಒಲೆ ಉರಿಯುವುದು ಒಂದು ಸಣ್ಣ ಅಂಗಡಿಯ ಆದಾಯದಿಂದ. ಬೇಕರಿ, ಚಪ್ಪಲಿ ಅಂಗಡಿ, ಗ್ಯಾರೇಜು, ಹಣ್ಣಿನ ಮಂಡಿ, ಮೀನಿನ ವ್ಯಾಪಾರ, ರಾಮನಗರ ಮತ್ತು ಶಿಡ್ಲಘಟ್ಟದ ರೇಷ್ಮೆ ನೂಲಿನ ಘಟಕ – ಇವೆಲ್ಲ ಒಡೆಯನಿಗೆ ಮಾತ್ರವಲ್ಲ, ಅವನ ಬಳಿ ದುಡಿಯುವ ಇಬ್ಬರು ಮೂವರಿಗೂ ಅನ್ನ ನೀಡುತ್ತವೆ.

ಇಂಥ ಅಂಗಡಿಗಳ ಮುಂದೆ ನಿಂತರೆ ನೀವು ಒಂದು ಮಾತನ್ನು ಕೇಳಿಯೇ ಇರುತ್ತೀರಿ. ಬಹುಶಃ ನೀವೇ ಅದನ್ನು ಹೇಳಿರಲೂಬಹುದು: ‘ಈ ತೆರಿಗೆಯ ಕಾಟ ಇಲ್ಲದಿದ್ದರೆ ನಾನು ಇನ್ನಿಬ್ಬರಿಗೆ ಕೆಲಸ ಕೊಡುತ್ತಿದ್ದೆ.’ ಈ ಮಾತಿನಲ್ಲಿ ಎಷ್ಟು ಸತ್ಯವಿದೆ? ಎಷ್ಟು ನೆಪವಿದೆ? ಸತ್ಯವಿದ್ದಷ್ಟು ಭಾಗಕ್ಕೆ ಸರಕಾರ ಉತ್ತರ ಹೇಳಬೇಕು. ನೆಪವಿದ್ದಷ್ಟು ಭಾಗಕ್ಕೆ ನಾವು ಅಲ್ಲಾಹನ ಮುಂದೆ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ಅಗತ್ಯ.

ಒಂದು ಬೇಕರಿಯ ಲೆಕ್ಕ

ಉದಾಹರಣೆಗೆ ಒಂದು ಬೇಕರಿಯನ್ನು ಕಲ್ಪಿಸಿಕೊಳ್ಳಿ. ಕುಳಿತು ತಿನ್ನುವ ವ್ಯವಸ್ಥೆ ಇಲ್ಲ. ಬಿಸ್ಕತ್ತು, ಕೇಕು, ರಸ್ಕು ತಯಾರಿಸಿ ಮಾರಾಟ ಮಾತ್ರ. ದಿನಕ್ಕೆ 14,000 ರೂಪಾಯಿ ವ್ಯಾಪಾರ. ತಿಂಗಳಿಗೆ 4,20,000. ವರ್ಷಕ್ಕೆ ಸುಮಾರು 50 ಲಕ್ಷ. ಮೂವರು ಕೆಲಸಗಾರರಿದ್ದಾರೆ.

ತಿಂಗಳ ಖರ್ಚು ಹೀಗಿದೆಯೆನ್ನೋಣ: ಮೈದಾ, ಸಕ್ಕರೆ, ಎಣ್ಣೆ, ಮೊಟ್ಟೆ ಇತ್ಯಾದಿ ಸಾಮಗ್ರಿಗೆ 2,60,000. ಗ್ಯಾಸು ಮತ್ತು ವಿದ್ಯುತ್ತಿಗೆ 25,000. ಪ್ಯಾಕಿಂಗಿಗೆ 12,000. ಅಂಗಡಿ ಬಾಡಿಗೆ 25,000. ಮೂವರ ಸಂಬಳ 48,000. ಇನ್ನು ತೆರಿಗೆ. ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗಾಗಿ ‘ಕಂಪೋಸಿಷನ್’ ಎಂಬ ಸರಳ ಪದ್ಧತಿ ಇದೆ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ಮೀರದ ತಯಾರಕರು ಮತ್ತು ವ್ಯಾಪಾರಿಗಳು ಇದರಡಿ ವಹಿವಾಟಿನ ಶೇ. 1ರಷ್ಟು ಕಟ್ಟಿದರೆ ಸಾಕು. ಅಂದರೆ ನಮ್ಮ ಬೇಕರಿಗೆ ತಿಂಗಳಿಗೆ 4,200 ರೂಪಾಯಿ. ಎಲ್ಲ ಕಳೆದು ಒಡೆಯನ ಕೈಗೆ ಉಳಿಯುವುದು ಸುಮಾರು 45,800. ಇದು ವರ್ಷಕ್ಕೆ ಐದೂವರೆ ಲಕ್ಷವಾಯಿತು. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಆದ್ದರಿಂದ ಇವನು ನೇರವಾಗಿ ಕಟ್ಟುವ ಮುಖ್ಯ ತೆರಿಗೆ ಆ 4,200 ಮಾತ್ರ.

ಈಗ ನಾಲ್ಕನೆಯ ಕೆಲಸಗಾರನ ಪ್ರಶ್ನೆ. ಅವನಿಗೆ ತಿಂಗಳಿಗೆ 15,000 ರೂಪಾಯಿ ಸಂಬಳವೆಂದಿಟ್ಟುಕೊಳ್ಳಿ. ನೂರು ರೂಪಾಯಿ ವ್ಯಾಪಾರದಲ್ಲಿ ಸುಮಾರು 62 ರೂಪಾಯಿ ಸಾಮಗ್ರಿಗೆ, 9 ರೂಪಾಯಿ ಗ್ಯಾಸು, ವಿದ್ಯುತ್ತು ಮತ್ತು ಪ್ಯಾಕಿಂಗಿಗೆ, 1 ರೂಪಾಯಿ ತೆರಿಗೆಗೆ ಹೋಗುತ್ತದೆ. ಉಳಿಯುವುದು 28. ಈ 28ರ ಲೆಕ್ಕದಲ್ಲಿ 15,000 ಹುಟ್ಟಬೇಕಾದರೆ ತಿಂಗಳಿಗೆ ಸುಮಾರು 53,600 ರೂಪಾಯಿಯ, ಅಂದರೆ ದಿನಕ್ಕೆ ಸುಮಾರು 1,800 ರೂಪಾಯಿಯ ಹೆಚ್ಚಿನ ವ್ಯಾಪಾರ ಬೇಕು.

ತೆರಿಗೆಯನ್ನು ಪೂರ್ತಿಯಾಗಿ ಮನ್ನಾ ಮಾಡಿದರೂ ಉಳಿಯುವುದು 4,200. ಅದು ಒಬ್ಬನ ಸಂಬಳದ ಮೂರನೇ ಒಂದು ಭಾಗವೂ ಅಲ್ಲ. ಒಂದು ವೇಳೆ ಇಡೀ ಸಂಬಳದಷ್ಟೇ ಉಳಿಯಿತೆನ್ನಿ. ಗಿರಾಕಿ ಹೆಚ್ಚಾಗದಿದ್ದರೆ ಒಡೆಯನು ನಾಲ್ಕನೆಯವನನ್ನು ಕರೆದು ಏನು ಕೆಲಸ ಕೊಡುತ್ತಾನೆ? ಆ ಹಣದಿಂದ ಅವನು ಹಳೆಯ ಸಾಲ ತೀರಿಸುತ್ತಾನೆ, ಮನೆಯ ಮಾಡು ರಿಪೇರಿ ಮಾಡುತ್ತಾನೆ. ಅದು ತಪ್ಪಲ್ಲ. ಆದರೆ ಅದು ಉದ್ಯೋಗ ಸೃಷ್ಟಿಯಲ್ಲ. ಮಾರಾಟದ ಮೇಜಿನ ಮುಂದೆ ಗಿರಾಕಿಗಳು ಕಾದು ನಿಂತಾಗ, ಇರುವ ಕೈಗಳು ಸಾಲದಾದಾಗ ಅಂಗಡಿಯವನು ಹೊಸ ಕೈಯನ್ನು ಹುಡುಕುತ್ತಾನೆ. ಆದುದರಿಂದ ಕೆಲಸ ಕೊಡುವವನು ಮೊದಲು ಗಿರಾಕಿ, ಆಮೇಲೆ ಒಡೆಯ.

ಆದಾಯ ತೆರಿಗೆ ಕಟ್ಟುವಷ್ಟು ದೊಡ್ಡ ವ್ಯಾಪಾರಿಗೂ ಇದೇ ಮಾತು ಅನ್ವಯಿಸುತ್ತದೆ. ಆದಾಯ ತೆರಿಗೆ ಬೀಳುವುದು ಲಾಭದ ಮೇಲೆ. ಕೆಲಸಗಾರನ ಸಂಬಳವು ಲಾಭದ ಲೆಕ್ಕಕ್ಕೆ ಮುಂಚೆಯೇ ಖರ್ಚಾಗಿ ಕಳೆದುಹೋಗುತ್ತದೆ. ಪುಸ್ತಕ ಇಟ್ಟು ಲೆಕ್ಕ ಕೊಡುವವನು ಸಂಬಳವಾಗಿ ಕೊಟ್ಟ ಹಣಕ್ಕೆ ಆದಾಯ ತೆರಿಗೆ ಕಟ್ಟುವುದಿಲ್ಲ. ಹೀಗಿರುವಾಗ ‘ಆದಾಯ ತೆರಿಗೆಯಿಂದಾಗಿ ಸಂಬಳ ಕೊಡಲಾಗುವುದಿಲ್ಲ’ ಎಂಬ ಮಾತು ಹೇಗೆ ನಿಲ್ಲುತ್ತದೆ?

ವ್ಯಾಪಾರಿಯ ದೂರಿನಲ್ಲಿರುವ ಸತ್ಯ

ಹಾಗೆಂದು ತೆರಿಗೆಗೂ ಉದ್ಯೋಗಕ್ಕೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. ಸಂಬಂಧವಿದೆ, ಆದರೆ ಅದು ನಾವು ಸಾಮಾನ್ಯವಾಗಿ ತೋರಿಸುವ ಜಾಗದಲ್ಲಿ ಇಲ್ಲ.

ಮೊದಲನೆಯದಾಗಿ, ತೆರಿಗೆಯು ಗಿರಾಕಿಯ ಕಿಸೆಯ ಮೂಲಕ ಅಂಗಡಿಯನ್ನು ಮುಟ್ಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಕೇಕುಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಇಳಿದ ತೆರಿಗೆ ಬೆಲೆಯಲ್ಲಿಯೂ ಇಳಿದು ಕಂಡರೆ ಗಿರಾಕಿಯು ಒಂದರ ಬದಲು ಎರಡು ಪೊಟ್ಟಣ ಕೊಳ್ಳಬಹುದು. ಆಗ ಒಲೆಯ ಮುಂದೆ ಇನ್ನೊಬ್ಬ ಬೇಕಾದೀತು. ವ್ಯಾಪಾರಿಯು ಆ ಇಳಿಕೆಯನ್ನು ತನ್ನಲ್ಲೇ ಉಳಿಸಿಕೊಂಡರೆ ಈ ಸರಪಳಿ ಅಲ್ಲಿಯೇ ತುಂಡಾಗುತ್ತದೆ.

ಎರಡನೆಯದಾಗಿ, ಹಣ ಕೈಸೇರುವ ಮುನ್ನವೇ ತೆರಿಗೆ ಕಟ್ಟಬೇಕಾದ ಸಂಕಟ. ಸಾಮಾನ್ಯ ಪದ್ಧತಿಯಲ್ಲಿರುವ ಸಣ್ಣ ತಯಾರಕನು ದೊಡ್ಡ ಕಂಪೆನಿಗೆ ಸರಕು ಕಳುಹಿಸಿ ಬಿಲ್ಲು ಮಾಡಿದೊಡನೆ ಜಿಎಸ್‌ಟಿಯ ಹೊಣೆ ಹುಟ್ಟುತ್ತದೆ. ಕಂಪೆನಿಯು ಹಣ ಕೊಡುವುದು ಮೂರು ತಿಂಗಳ ನಂತರವಾದರೆ ಅವನು ಕೈಯಿಂದಲೇ ತೆರಿಗೆ ಕಟ್ಟಬೇಕು. ಕೆಲಸಗಾರರ ಸಂಬಳ ತಡವಾಗುವುದು ಇಂಥಲ್ಲಿಯೇ. ಸಣ್ಣ ಉದ್ದಿಮೆಗಳಿಗೆ ಖರೀದಿದಾರರು 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾನೂನು ಹೇಳುತ್ತದೆ. ಆದರೆ ಮುಂದಿನ ಆರ್ಡರು ತಪ್ಪೀತೆಂಬ ಭಯದಿಂದ ದೂರು ಕೊಡದೆ ಸುಮ್ಮನಿರುವವರು ಬಹಳ.

ಮೂರನೆಯದಾಗಿ, ಮಿತಿಯ ಗೆರೆಗಳು. ನಮ್ಮ ರಾಜ್ಯದಲ್ಲಿ ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ನೀಡುವವನದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹತ್ತು ಮಂದಿ ಕೆಲಸಗಾರರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್ ಅನ್ವಯಿಸುತ್ತದೆ. ‘ಗೃಹಲಕ್ಷ್ಮಿ’ ಯೋಜನೆಯನ್ನು 2023ರಲ್ಲಿ ಆರಂಭಿಸಿದಾಗ ಗಂಡ ಅಥವಾ ಹೆಂಡತಿ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ಕುಟುಂಬಗಳನ್ನು ಹೊರಗಿಡಲಾಯಿತು. ಗೆರೆಯ ಈಚೆ ನಿಂತವನು ಬೆಳೆಯಲು ಹೆದರುವುದು ಸಹಜ. ಒಂಬತ್ತು ಮಂದಿಯಿರುವ ಘಟಕದ ಒಡೆಯನು ಹತ್ತನೆಯವನ ಸಂಬಳಕ್ಕಿಂತ ಹತ್ತನೆಯವನ ಕಾಗದಪತ್ರಕ್ಕೆ ಹೆಚ್ಚು ಅಂಜುತ್ತಾನೆ.

ನಾಲ್ಕನೆಯದಾಗಿ, ಭಯ. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಹಿಂದಿನ ಹಲವು ವರ್ಷಗಳ ತೆರಿಗೆಯನ್ನು ಒಟ್ಟಿಗೆ ಕೇಳಲಾಗಿತ್ತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟೀಸು ಹೋಯಿತು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ಮರೆಯಾಗಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ವ್ಯಾಪಾರಿಗಳು ಪ್ರತಿಭಟನೆಗೆ ಮುಂದಾದಾಗ ಮುಖ್ಯಮಂತ್ರಿಯವರು ಅವರೊಂದಿಗೆ ಮಾತುಕತೆ ನಡೆಸಿ ಪರಿಹಾರದ ಭರವಸೆ ಕೊಡಬೇಕಾಯಿತು. ತಿಳಿಸಿ ಹೇಳುವ ಕೆಲಸ ಮೊದಲು ಆಗಿ, ಕೇಳುವ ಕೆಲಸ ಆಮೇಲೆ ಆಗಿದ್ದರೆ ಈ ಗಲಿಬಿಲಿ ಇರುತ್ತಿರಲಿಲ್ಲ.

ಹಿಂದಿನ ವಿದ್ವಾಂಸರು ಕಂಡ ಸತ್ಯ

ಈ ವಿಚಾರ ಹೊಸದಲ್ಲ. ಅಬೂ ಹನೀಫಾರ ಶಿಷ್ಯ ಇಮಾಮ್ ಅಬೂ ಯೂಸುಫ್(ರ) ಅಬ್ಬಾಸೀ ಖಲೀಫ ಹಾರೂನ್ ರಶೀದರ ಕೋರಿಕೆಯಂತೆ ‘ಕಿತಾಬುಲ್ ಖರಾಜ್’ ಎಂಬ ಗ್ರಂಥ ಬರೆದರು. ಅವರು ತೀರಿಕೊಂಡದ್ದು ಕ್ರಿ.ಶ. 798ರಲ್ಲಿ. ಭೂಮಿಯ ಅಳತೆಯ ಮೇಲೆ ಗೊತ್ತುಪಡಿಸಿದ ಮೊತ್ತ ಕೇಳುವ ಬದಲು ಬೆಳೆದ ಬೆಳೆಯಲ್ಲಿ ಪಾಲು ತೆಗೆದುಕೊಳ್ಳಬೇಕೆಂದು ಅವರು ಸಲಹೆ ನೀಡಿದರು. ಬೆಳೆ ಕೈಕೊಟ್ಟ ವರ್ಷ ರೈತನ ಹೊರೆಯೂ ತಗ್ಗಬೇಕೆಂಬುದು ಅದರ ತಾತ್ಪರ್ಯ. ತೆರಿಗೆ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ಅವರು ವಿರೋಧಿಸಿದರು. ಗುತ್ತಿಗೆದಾರನು ತನ್ನ ಲಾಭಕ್ಕಾಗಿ ಜನರನ್ನು ಹಿಂಡುತ್ತಾನೆ, ಕೊನೆಗೆ ನಾಡು ಹಾಳಾಗುತ್ತದೆ ಎಂಬುದು ಅವರ ಕಾರಣ.

ಆರು ಶತಮಾನಗಳ ನಂತರ, 1377ರಲ್ಲಿ, ಇಬ್ನ್ ಖಲ್ದೂನ್ ‘ಮುಕದ್ದಿಮಾ’ ಬರೆದರು. ಟ್ಯುನಿಸ್‌ನಲ್ಲಿ ಹುಟ್ಟಿ ಕೈರೋದಲ್ಲಿ ತೀರಿಕೊಂಡ ಈ ವಿದ್ವಾಂಸರು ತೆರಿಗೆಯ ಬಗ್ಗೆ ಎರಡು ಮಾತು ಹೇಳಿದ್ದಾರೆ. ಒಂದು: ರಾಜ್ಯದ ಆರಂಭದಲ್ಲಿ ತೆರಿಗೆಯ ದರ ಕಡಿಮೆಯಿರುತ್ತದೆ, ವಸೂಲಿ ಹೆಚ್ಚಿರುತ್ತದೆ. ಕೊನೆಗಾಲದಲ್ಲಿ ದರ ಏರುತ್ತದೆ, ವಸೂಲಿ ಕುಸಿಯುತ್ತದೆ. ಏಕೆಂದರೆ ದುಡಿದು ಫಲವಿಲ್ಲವೆಂದು ಕಂಡ ಜನರು ದುಡಿಮೆಯಿಂದಲೇ ಕೈ ತೆಗೆಯುತ್ತಾರೆ. ಈ ಮಾತನ್ನು ವ್ಯಾಪಾರಿಗಳು ಸಂತೋಷದಿಂದ ಕೇಳುತ್ತಾರೆ.

ಆದರೆ ಅದೇ ಗ್ರಂಥದಲ್ಲಿ ಎರಡನೆಯ ಮಾತೂ ಇದೆ. ಆಳುವವನು ಸಂಗ್ರಹಿಸಿದ ಹಣವನ್ನು ಖರ್ಚು ಮಾಡದೆ ಕೂಡಿಟ್ಟರೆ ಮಾರುಕಟ್ಟೆ ಸೊರಗುತ್ತದೆ. ಏಕೆಂದರೆ ರಾಜ್ಯವೇ ಎಲ್ಲಕ್ಕಿಂತ ದೊಡ್ಡ ಗಿರಾಕಿ. ಹಣವು ಪ್ರಜೆಗಳಿಂದ ಅರಸನಿಗೆ, ಅರಸನಿಂದ ಪ್ರಜೆಗಳಿಗೆ ಸುತ್ತುತ್ತಿರಬೇಕು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಶಾಲೆಯ ಶಿಕ್ಷಕಿಯ ಸಂಬಳ, ರಸ್ತೆ ಕೆಲಸದವನ ಕೂಲಿ, ವೃದ್ಧೆಯ ಪಿಂಚಣಿ – ಇವೆಲ್ಲ ತೆರಿಗೆಯ ಹಣವೇ. ಅದು ತಿಂಗಳ ಮೊದಲ ವಾರದಲ್ಲಿ ನಿಮ್ಮ ಅಂಗಡಿಗೇ ಗಿರಾಕಿಯ ರೂಪದಲ್ಲಿ ಬರುತ್ತದೆ. ಒಂದು ಮಾತನ್ನು ಹಿಡಿದು ಇನ್ನೊಂದನ್ನು ಬಿಡುವುದು ವಿದ್ವಾಂಸರಿಗೆ ಮಾಡುವ ಅನ್ಯಾಯ.

‘ನಾನು ಝಕಾತ್ ಕೊಡುತ್ತೇನೆ, ತೆರಿಗೆ ಏಕೆ?’

ಕೆಲವರು ಇನ್ನೊಂದು ವಾದ ಮುಂದಿಡುತ್ತಾರೆ. ಹದೀಸ್‌ಗಳಲ್ಲಿ ‘ಮಕ್ಸ್’ ಎಂಬ ಸುಂಕವನ್ನು ಖಂಡಿಸಲಾಗಿದೆ, ಆದ್ದರಿಂದ ತೆರಿಗೆ ತಪ್ಪಿಸುವುದು ಪಾಪವಲ್ಲ ಎನ್ನುತ್ತಾರೆ. ಮಕ್ಸ್ ಎಂದರೆ ದಾರಿಯಲ್ಲಿ, ಸಂತೆಯಲ್ಲಿ ಅನ್ಯಾಯವಾಗಿ ಕಿತ್ತುಕೊಳ್ಳುವ ಸುಂಕ. ಸಾರ್ವಜನಿಕ ಅಗತ್ಯಕ್ಕೆ ಖಜಾನೆಯ ಹಣ ಸಾಲದಿದ್ದಾಗ ಉಳ್ಳವರ ಮೇಲೆ ನ್ಯಾಯವಾದ ತೆರಿಗೆ ವಿಧಿಸಬಹುದೆಂದು ಇಮಾಮ್ ಗಝಾಲಿ(ರ) ಮತ್ತು ಇಮಾಮ್ ಶಾತಿಬಿ(ರ)ಯವರಂಥ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅಲ್ಲದೆ, ಈ ದೇಶದ ರಸ್ತೆ, ನ್ಯಾಯಾಲಯ, ಆಸ್ಪತ್ರೆಗಳ ಪ್ರಯೋಜನ ಪಡೆಯುವ ಪ್ರಜೆಗಳಾಗಿ ನಾವು ಇಲ್ಲಿಯ ಕಾನೂನಿಗೆ ಒಪ್ಪಿ ಬದುಕುತ್ತಿದ್ದೇವೆ. ಒಪ್ಪಂದ ಪಾಲಿಸುವುದು ವಿಶ್ವಾಸಿಯ ಗುಣ.

ಝಕಾತ್ ಬೇರೆ, ತೆರಿಗೆ ಬೇರೆ. ಝಕಾತ್ ಆರಾಧನೆ, ಅದರ ಹಕ್ಕುದಾರರು ಎಂಟು ವರ್ಗದವರೆಂದು ನಿಗದಿಯಾಗಿದೆ. ಒಂದನ್ನು ಕೊಟ್ಟರೆ ಇನ್ನೊಂದರ ಹೊಣೆ ಇಳಿಯುವುದಿಲ್ಲ. ಕಟ್ಟಿದ ತೆರಿಗೆಯ ಹಣ ನಿಮ್ಮ ಕೈಯಲ್ಲಿ ಇಲ್ಲದಿರುವುದರಿಂದ ಅದು ಝಕಾತಿನ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ‘ಎರಡು ಸಲ ಕೊಡುತ್ತಿದ್ದೇನೆ’ ಎಂಬ ಕೊರಗಿಗೆ ಆಧಾರವಿಲ್ಲ.

ಇಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಒಂದು ಮುಖ್ಯ ವಿಷಯವಿದೆ. ವ್ಯಾಪಾರಿಯು ಝಕಾತ್ ಕೊಡಬೇಕಾದುದು ಮಾರಾಟಕ್ಕಿಟ್ಟ ಸರಕು, ನಗದು ಮತ್ತು ಬರಬೇಕಾದ ಬಾಕಿಯ ಮೇಲೆ, ಶೇ. ಎರಡೂವರೆಯಂತೆ. ಬೇಕರಿಯ ಒಲೆ, ಹಿಟ್ಟು ಕಲಸುವ ಯಂತ್ರ, ಹೊಲಿಗೆ ಯಂತ್ರ, ಅಂಗಡಿಯ ಕಟ್ಟಡ – ಈ ದುಡಿಮೆಯ ಸಾಧನಗಳಿಗೆ ಝಕಾತ್ ಇಲ್ಲ. ಪೆಟ್ಟಿಗೆಯಲ್ಲಿ ಸುಮ್ಮನೆ ಕೂಡಿಟ್ಟ ಹಣ ವರ್ಷ ವರ್ಷವೂ ಝಕಾತಿನಿಂದ ಕರಗುತ್ತದೆ. ಎರಡನೆಯ ಒಲೆಯಾಗಿ ಮಾರ್ಪಟ್ಟ ಹಣ ಕರಗುವುದಿಲ್ಲ. ಅದು ಇಬ್ಬರಿಗೆ ಕೆಲಸ ಕೊಡುತ್ತದೆ. ಸಂಪತ್ತು ದುಡಿಮೆಗೆ ಇಳಿಯಬೇಕೆಂಬ ಪ್ರೇರಣೆ ಈ ನಿಯಮದಲ್ಲಿಯೇ ಇದೆಯಲ್ಲವೇ?

ಇನ್ನೊಂದು ಎಚ್ಚರಿಕೆ. ರಮದಾನ್‌ನಲ್ಲಿ ಕೆಲಸಗಾರನಿಗೆ ಕೊಟ್ಟ ಹಣವನ್ನು ಅವನಿಗೆ ಬೋನಸ್ ಎಂದು ಹೇಳಿ, ತನ್ನ ಪುಸ್ತಕದಲ್ಲಿ ಝಕಾತ್ ಎಂದು ಬರೆಯುವವರಿದ್ದಾರೆ. ದುಡಿಮೆಗೆ ಪ್ರತಿಯಾಗಿ ಸಲ್ಲಬೇಕಾದುದು ಅವನ ಹಕ್ಕು. ಹಕ್ಕನ್ನು ದಾನದ ಲೆಕ್ಕಕ್ಕೆ ಸೇರಿಸಿದರೆ ಝಕಾತೂ ಸಲ್ಲುವುದಿಲ್ಲ, ಹಕ್ಕೂ ತೀರುವುದಿಲ್ಲ. ಅವನು ಬಡವನಾಗಿದ್ದರೆ ಸಂಬಳ ಮತ್ತು ಬೋನಸನ್ನು ಪೂರ್ತಿ ಕೊಟ್ಟ ಮೇಲೆ ಬೇರೆಯಾಗಿ ಝಕಾತ್ ಕೊಡಿ.

ಅಮಾನತು ಎಲ್ಲಿದೆ?

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ನೀವು ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿಸಿದ ಚಪ್ಪಲಿ ವ್ಯಾಪಾರಿಯೆನ್ನಿ. 1,000 ರೂಪಾಯಿಯ ಜೋಡಿಗೆ ಶೇ. 5ರ ಜಿಎಸ್‌ಟಿ ಸೇರಿಸಿ 1,050 ರೂಪಾಯಿಯ ಬಿಲ್ಲು ಮಾಡಿದಿರಿ. ಆ 50 ರೂಪಾಯಿ ನಿಮ್ಮ ಗಲ್ಲಾಪೆಟ್ಟಿಗೆಯಲ್ಲಿದೆ. ಆದರೆ ಅದು ನಿಮ್ಮದಲ್ಲ. ಗಿರಾಕಿಯು ಅದನ್ನು ಸರಕಾರಕ್ಕೆ ತಲುಪಿಸಲು ನಿಮ್ಮ ಕೈಯಲ್ಲಿಟ್ಟಿದ್ದಾನೆ. ನೀವು ಸರಕು ತರುವಾಗ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಹಕ್ಕು ನಿಮಗಿದೆ, ಉಳಿದುದು ಅಮಾನತು. ಅದನ್ನು ಬಾಡಿಗೆಗೋ ಮಗಳ ಮದುವೆಗೋ ಬಳಸಿಕೊಂಡರೆ ‘ತೆರಿಗೆ ಉಳಿಸಿದೆ’ ಎನ್ನಲಾಗುವುದಿಲ್ಲ. ಅದಕ್ಕೆ ಬೇರೆಯೇ ಹೆಸರಿದೆ. ತಡವಾಗಿ ಕಟ್ಟಿದರೆ ವರ್ಷಕ್ಕೆ ಶೇ. 18ರಂತೆ ಬಡ್ಡಿ ಬೀಳುತ್ತದೆ. ಬ್ಯಾಂಕಿನ ಬಡ್ಡಿಯಿಂದ ದೂರ ಓಡುವವನು ಆಲಸ್ಯದಿಂದ ಈ ಬಡ್ಡಿಯನ್ನು ತಲೆಗೆ ಕಟ್ಟಿಕೊಳ್ಳುವುದು ಸರಿಯೇ?

ಕಂಪೋಸಿಷನ್ ಪದ್ಧತಿಯವರ ವಿಷಯ ಬೇರೆ. ಅವರು ಖರೀದಿಯ ತೆರಿಗೆಯನ್ನು ಕಳೆದುಕೊಳ್ಳುವಂತಿಲ್ಲ. ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತೆಯೂ ಇಲ್ಲ. ತಮ್ಮ ಪದ್ಧತಿ ಯಾವುದೆಂದು ಅಂಗಡಿಯ ಫಲಕದಲ್ಲಿಯೂ ಬಿಲ್ಲಿನಲ್ಲಿಯೂ ನಮೂದಿಸಬೇಕು. ಶೇ. 1 ಕಟ್ಟುತ್ತಾ ಗಿರಾಕಿಯಿಂದ ಜಿಎಸ್‌ಟಿಯ ಹೆಸರಿನಲ್ಲಿ ಶೇ. 5 ಪಡೆಯುವವನು ಸರಕಾರಕ್ಕಲ್ಲ, ಎದುರಿಗೆ ನಿಂತ ಗಿರಾಕಿಗೇ ವಂಚಿಸುತ್ತಾನೆ.

ಒಂದೇ ಅಂಗಡಿಯನ್ನು ಕಾಗದದಲ್ಲಿ ಹೆಂಡತಿಯ ಹೆಸರಿಗೊಂದು, ತಮ್ಮನ ಹೆಸರಿಗೊಂದು ಎಂದು ಸೀಳಿ 40 ಲಕ್ಷದ ಗೆರೆಯೊಳಗೆ ಉಳಿಯುವುದೂ, ಹತ್ತನೆಯ ಕೆಲಸಗಾರನನ್ನು ಪುಸ್ತಕದಲ್ಲಿ ಬರೆಯದೆ ಇಡುವುದೂ ಇದೇ ಜಾತಿಗೆ ಸೇರಿದವು. ಒಲೆಯ ಮುಂದೆ ನಿಂತವನ ಕೈ ಸುಟ್ಟ ದಿನ ಇದರ ಬೆಲೆ ತಿಳಿಯುತ್ತದೆ. ಹೆಸರು ದಾಖಲಾಗಿದ್ದರೆ ಇಎಸ್‌ಐ ಆಸ್ಪತ್ರೆಯ ಬಾಗಿಲು ಅವನಿಗೆ ತೆರೆದಿರುತ್ತಿತ್ತು. ಹೆಸರೇ ಇಲ್ಲದವನು ಯಾವ ಬಾಗಿಲು ತಟ್ಟಬೇಕು? ಕೆಲಸ ಕೊಟ್ಟೆನೆಂಬ ಹೆಮ್ಮೆ ಒಡೆಯನಿಗೆ. ಗಾಯ ಮಾತ್ರ ದುಡಿಯುವವನಿಗೆ.

ನಾವು ಮಾಡಬಹುದಾದುದು

1. ಪ್ರತಿದಿನ ಅಂಗಡಿ ಮುಚ್ಚುವ ಮುನ್ನ ತೆರಿಗೆಯ ಪಾಲನ್ನು ಬೇರೆ ಖಾತೆಯಲ್ಲಿಯೋ ಬೇರೆ ಪೆಟ್ಟಿಗೆಯಲ್ಲಿಯೋ ಇಡಿ. ಕಟ್ಟುವ ದಿನ ಅದು ಹೊರೆಯೆನಿಸದು.

2. ತೆರಿಗೆಯಿರುವ ಸರಕು ಮತ್ತು ತೆರಿಗೆಯಿಲ್ಲದ ಸರಕಿನ ಮಾರಾಟವನ್ನು ಬೇರೆ ಬೇರೆಯಾಗಿ ಬರೆಯಿರಿ. ಮನೆಯ ಹಣ, ಬಂಧುಗಳ ಸಾಲದ ಹಣ ಅಂಗಡಿಯ ಯುಪಿಐ ಖಾತೆಗೆ ಬರದಂತೆ ನೋಡಿಕೊಳ್ಳಿ. ನೋಟೀಸು ಬಂದರೆ ಹೆದರಿ ಮೂಲೆಗೆಸೆಯದೆ ಲೆಕ್ಕದೊಂದಿಗೆ ಗಡುವಿನೊಳಗೆ ಉತ್ತರಿಸಿ. ನೋಟೀಸು ಎಂದರೆ ತೀರ್ಪಲ್ಲ, ಪ್ರಶ್ನೆ.

3. ಮನೆಯಲ್ಲಿ ಓದಿದ ಮಗಳಿದ್ದರೆ, ಸೊಸೆಯಿದ್ದರೆ ಲೆಕ್ಕದ ಪುಸ್ತಕವನ್ನು ಅವಳ ಕೈಗೆ ಕೊಡಿ. ಮೊಬೈಲಿನಲ್ಲಿ ರಿಟರ್ನ್ಸ್ ನೋಡಲು ಬಲ್ಲವರು ನಮ್ಮ ಮನೆಯೊಳಗೇ ಇದ್ದಾರೆ.

4. ನಿಯಮಗಳಲ್ಲಿ ಅನ್ಯಾಯ ಕಂಡರೆ ವ್ಯಾಪಾರಿ ಸಂಘಗಳ ಮೂಲಕ, ಜನಪ್ರತಿನಿಧಿಗಳ ಮೂಲಕ ಬಹಿರಂಗವಾಗಿ ಕೇಳಿ. ಬೆಳೆಯುವವನಿಗೆ ದಂಡದಂತೆ ಕಾಣುವ ಗೆರೆಗಳನ್ನು ಸಡಿಲಿಸಿರೆಂದು ಒತ್ತಾಯಿಸಲು ನಮಗೆ ಹಕ್ಕಿದೆ. ಲೆಕ್ಕ ಸರಿಯಾಗಿ ಇಟ್ಟವನ ಧ್ವನಿಗೆ ಬಲವೂ ಇರುತ್ತದೆ.

5. ಸಂಬಳವನ್ನು ಗೊತ್ತಾದ ದಿನವೇ ಕೊಡಿ. ನಿಮ್ಮ ಕೆಲಸಗಾರನೂ ಇನ್ನೊಬ್ಬರ ಅಂಗಡಿಯ ಗಿರಾಕಿ. ಅವನ ಕೈಯಲ್ಲಿ ಹಣವಿಲ್ಲದ ತಿಂಗಳು ಬೀದಿಯ ಎಲ್ಲ ಅಂಗಡಿಗಳಿಗೂ ವ್ಯಾಪಾರ ಕಡಿಮೆ. ಅವನು ಕೊಳ್ಳುವ ಸಾಬೂನಿನಲ್ಲಿಯೂ ತೆರಿಗೆಯಿದೆ ಎಂಬುದನ್ನು, ‘ತೆರಿಗೆ ಕಟ್ಟುವವರು ನಾವು ಮಾತ್ರ’ ಎನ್ನುವಾಗ ನೆನಪಿಡಿ.

ಪ್ರಿಯ ಓದುಗರೇ, ಒಬ್ಬ ಮನುಷ್ಯನಿಗೆ ಗೌರವದ ದುಡಿಮೆ ದೊರಕಿಸಿಕೊಡುವುದು ದೊಡ್ಡ ಪುಣ್ಯದ ಕೆಲಸ. ಆದರೆ ಅದು ಇತರರ ಹಕ್ಕಿನ ಹಣದಿಂದ ಆಗಬಾರದು. ಗಲ್ಲಾಪೆಟ್ಟಿಗೆಯಲ್ಲಿ ಕೆಲಸಗಾರನ ಪಾಲಿದೆ, ಸರಕು ಕೊಟ್ಟವನ ಪಾಲಿದೆ, ನಾಡಿನ ಪಾಲಿದೆ, ಬಡವನ ಪಾಲಿದೆ. ಇವೆಲ್ಲವನ್ನೂ ತೆಗೆದಿಟ್ಟ ಮೇಲೆ ಉಳಿಯುವುದೇ ನಮ್ಮದು. ಅದು ಸ್ವಲ್ಪವಾದರೂ ಅದರಲ್ಲಿ ಬರಕತ್ ಇರುತ್ತದೆ. ನಮ್ಮ ಸಂಪಾದನೆಯನ್ನು ಶುದ್ಧಗೊಳಿಸುವ ಮತ್ತು ಹಕ್ಕುದಾರರಿಗೆ ಅವರವರ ಹಕ್ಕನ್ನು ತಲುಪಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.